ಹುಲ್ಲು ಟೋಪಿಯ ಹುಡುಗ

ಮೊಮ್ಮಗಳ ಶಾಲೆಯ ಕೆಲಸಕ್ಕೆಂದು ಹೊರಟ ಒಂದು ಭಾನುವಾರದ ತಿರುಗಾಟದಲ್ಲಿ ತನ್ನ ಮಗನನ್ನು ಕಳೆದುಕೊಂಡು ಬರುತ್ತೇನೆಂದು ಬಸವ್ವನಿಗೆ ಹೇಗೆ ಗೊತ್ತಾಗಬೇಕು? ಆ ಮಗ ತೀರಿಕೊಂಡೇ ನಲವತ್ತು ವರ್ಷದ ಹತ್ತಿರ ಬಂದಿತ್ತು. ಒಮ್ಮೆ ಹೋದವನು ಇನ್ನೊಮ್ಮೆ ಹೋಗಬಹುದು ಎಂಬುದು ಅವಳ ಲೆಕ್ಕದಲ್ಲಿ ಇರಲಿಲ್ಲ.

ಅದು ಎರಡು ಸಾವಿರದ ಹದಿಮೂರು. ಅಮೆರಿಕದ ಡರ್ಹಮ್‌ನಲ್ಲಿರುವ ಮಗಳ ಮನೆಗೆ ಅವಳು ಬೇಸಿಗೆಯ ಮೊದಲಲ್ಲಿ ಬಂದಿದ್ದಳು. ಮಗಳು ನೀಲಗಂಗಾ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಅಳಿಯ ಸಿದ್ಧಲಿಂಗೇಶ್ ಡಾಕ್ಟರು. ಮೊಮ್ಮಗಳು ಮಾನ್ಯಾಗೆ ಹನ್ನೆರಡು ತುಂಬಿತ್ತು. ಬಸವ್ವ ಹಾವೇರಿಯ ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸಿ ಮಗಳನ್ನು ಓದಿಸಿದವಳು. ಖಾನಾವಳಿಯನ್ನು ಬೇರೆಯವರ ಕೈಗೆ ಕೊಟ್ಟು ಬಂದಿದ್ದರೂ ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಕಬ್ಬಿಣದ ಹಂಚನ್ನು ಸೀರೆಗಳ ನಡುವೆ ಸುತ್ತಿಕೊಂಡು ತಂದಿದ್ದಳು. ಮೊದಲ ದಿನ ರೊಟ್ಟಿ ಸುಟ್ಟಾಗ ಮನೆಯ ಹೊಗೆಯ ಗಂಟೆ ಕಿವಿ ಕಿತ್ತುಹೋಗುವ ಹಾಗೆ ಕೂಗಿಕೊಂಡಿತು. ಅಳಿಯ ಕುರ್ಚಿ ಹತ್ತಿ ಅದರ ಬಾಯಿ ಮುಚ್ಚಿಸುವಷ್ಟರಲ್ಲಿ ಅಕ್ಕಪಕ್ಕದ ನಾಯಿಗಳೆಲ್ಲ ಎದ್ದಿದ್ದವು.

"ಅಲ್ಲಪಾ, ನಿಮ್ಮ ಮನಿಗೆ ರೊಟ್ಟಿ ಅಂದ್ರ ಅಷ್ಟು ಸಿಟ್ಟೇನು?" ಎಂದಿದ್ದಳು ಬಸವ್ವ.

"ಸಿಟ್ಟಲ್ರಿ ಅತ್ತಿ, ಭಯ. ಫ್ಯಾನ್ ಹಾಕ್ಕೊಂಡು ಬಡೀರಿ," ಎಂದ ಅಳಿಯ. ಅಂದಿನಿಂದ ಫ್ಯಾನ್ ಹಾಕಿ, ಕಿಟಕಿ ತೆಗೆದು, ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ರೊಟ್ಟಿ ಬಡಿಯುತ್ತಿದ್ದಳು. ತಿನ್ನುವವರು ಇರಲಿ ಬಿಡಲಿ, ಅದು ನಿಲ್ಲುವಂತಿರಲಿಲ್ಲ. ಏಕೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬೇಸಿಗೆ ರಜೆ ಮುಗಿದು ಮಾನ್ಯಾಳ ಶಾಲೆ ತೆರೆದ ಹೊಸತರಲ್ಲಿ ಆ ಭಾನುವಾರ ಬಂತು. ರಾಲಿಯ ಮ್ಯೂಸಿಯಮ್ಮಿಗೆ ಹೊರಗಿನಿಂದ ಕೆಲವು ಹಳೆಯ ಚಿತ್ರಗಳು ಬಂದಿದ್ದವು. ನೂರೈವತ್ತು ವರ್ಷದ ಹಿಂದಿನ ಹಳ್ಳಿ ಮಕ್ಕಳ ಚಿತ್ರಗಳು. ಅವುಗಳಲ್ಲಿ ಒಂದನ್ನು ಆರಿಸಿಕೊಂಡು, ಅದರಲ್ಲಿರುವ ಮಕ್ಕಳು ಹೇಗೆ ಬದುಕುತ್ತಿದ್ದರು ಎಂದು ಮಾನ್ಯಾ ಶಾಲೆಗೆ ಬರೆದುಕೊಂಡು ಹೋಗಬೇಕಾಗಿತ್ತು.

ಒಳಗೆ ತಂಪು, ಮರದ ನೆಲ, ಪಿಸುಮಾತು. ಗೋಡೆಯ ಮೇಲೆ ಹಾಲಿನ ಬಕೆಟ್ ಹೊತ್ತ ಹುಡುಗಿ, ಬಣವೆಯ ನೆರಳಲ್ಲಿ ಬುತ್ತಿ ಬಿಚ್ಚಿದ ಅಣ್ಣತಮ್ಮಂದಿರು, ಮೂಗು ಸೋರುವ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡ ಅಕ್ಕ. ಎಲ್ಲರೂ ಬರಿಗಾಲು, ಎಲ್ಲರ ಬಟ್ಟೆಯೂ ತೇಪೆ. ಚಿತ್ರ ಬರೆದವನು ತೇಪೆಯ ಹೊಲಿಗೆಯನ್ನೂ ಬಿಟ್ಟಿರಲಿಲ್ಲ.

"ಹರಕ ಅಂಗಿಗೆ ಬಂಗಾರದ ಕಟ್ಟು ಹಾಕ್ಯಾರಲ್ಲ ನೀಲಾ!" ಎಂದಳು ಬಸವ್ವ. "ನಮ್ಮೂರಿನ ಹುಡುಗೂರನ್ನ ಕಂಡಿದ್ರ ಈ ಮಂದಿಗೆ ಗ್ವಾಡಿನ ಸಾಲ್ತಿರಲಿಲ್ಲ ನೋಡು."

"ಅವ್ವಾ, ಸ್ವಲ್ಪ ಮೆಲ್ಲಗ."

"ಯಾಕ? ಇಲ್ಲಿ ಕನ್ನಡ ತಿಳಿಯೋರು ಯಾರದಾರ?"

ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಯುವಕನೊಬ್ಬ ತಿರುಗಿ ನಕ್ಕ. "ನಾನಿದೀನಲ್ಲ ಆಂಟಿ! ನೀವು ಹೇಳಿದ್ದು ಕರೆಕ್ಟಾಗಿದೆ." ಬೆಂಗಳೂರಿನ ಹುಡುಗ. ಬಸವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತಲೇ ಮುಂದಿನ ಕೋಣೆಗೆ ಹೋದವಳು ಅಲ್ಲೇ ನಿಂತಳು.

ಕೊಯ್ದು ಮುಗಿದ ಹುಲ್ಲಿನ ಬಯಲು. ದೂರದಲ್ಲಿ ಮರದ ಹಲಗೆಯ ಶಾಲೆ. ನಡುವೆ ಮೂವರು ಹುಡುಗರು ಕೂಗಾಡುತ್ತ ಓಡುತ್ತಿದ್ದಾರೆ. ಈಚೆಗೆ, ನೋಡುವವರ ಹತ್ತಿರ, ನಾಲ್ಕನೆಯವನು ಕಲ್ಲಿನ ಮೇಲೆ ಕುಳಿತಿದ್ದಾನೆ. ತಲೆಗೆ ಅಂಚು ಹರಿದ ಹುಲ್ಲು ಟೋಪಿ. ಎಡಗಾಲನ್ನು ಬಲ ಮೊಣಕಾಲಿನ ಮೇಲೆ ಎತ್ತಿಟ್ಟುಕೊಂಡು ಅಂಗಾಲಿನ ಮುಳ್ಳು ಕೀಳುತ್ತಿದ್ದಾನೆ. ಯಾರೋ ಕರೆದರೆಂಬಂತೆ ಮುಖವನ್ನು ಅಷ್ಟೇ ಎತ್ತಿದ್ದಾನೆ. ಕೆಳತುಟಿ ಕಚ್ಚಿಕೊಂಡಿದ್ದಾನೆ. ಬಿಳಿ ಮುಖದ ತುಂಬ ಎಳ್ಳು ಚೆಲ್ಲಿದ ಹಾಗೆ ಕಂದು ಚುಕ್ಕೆ.

ಬಸವ್ವ ಮೊದಲು ನೋಡಿದ್ದು ಆ ಅಂಗಾಲು. ಒಡಕು, ಧೂಳು, ಹೆಬ್ಬೆರಳಿನ ಸಂದಿಯ ಕೆಸರು. ಮೊದಲು ತೊಳಕೊಳ್ಳೋ, ಬಿಸಿನೀರಿಲೆ ತೊಳಕೊಳ್ಳೋ ಎಂದು ನಾಲಿಗೆಯವರೆಗೆ ಬಂದದ್ದನ್ನು ನುಂಗಿಕೊಂಡಳು.

ಅವಳ ಕರಬಸಪ್ಪ ಹೋದದ್ದು ಹಾಗೆಯೇ. ಎಂಟು ವರ್ಷದ ಹುಡುಗ. ಕಣದ ಹಿಂದೆ ಆಡುವಾಗ ಮುಳ್ಳು ತುಳಿದ. ಅಳಲಿಲ್ಲ, ಮನೆಗೆ ಬರಲಿಲ್ಲ. ಕಲ್ಲಿನ ಮೇಲೆ ಕುಳಿತು ತಾನೇ ಕಿತ್ತು ಎಸೆದು, ಮತ್ತೆ ಆಟಕ್ಕೆ ಓಡಿದ. ಹೇಳಿದ್ದರೆ ಅವಳು ಅರಿಸಿನ ಸುಟ್ಟು ಒತ್ತುತ್ತಿದ್ದಳು. ಆಸ್ಪತ್ರೆಗೂ ಎತ್ತಿಕೊಂಡು ಓಡುತ್ತಿದ್ದಳೋ ಏನೋ. ದವಡೆ ಬಿಗಿದುಕೊಂಡ ಮೇಲೆಯೇ ಗೊತ್ತಾದದ್ದು. ಧನುರ್ವಾಯು ಎಂದರು ಡಾಕ್ಟರು, ತಡವಾಯಿತು ಎಂದರು.

ಅವನದೊಂದು ಫೋಟೊ ಇರಲಿಲ್ಲ. ಅವನಿಗಿಂತ ಮುಂಚೆ ಹುಟ್ಟಿದ ಎರಡು ಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಹಾಗಾಗಿ ಇವನು ಹುಟ್ಟಿದಾಗ ಅತ್ತೆ ಮಲ್ಲಮ್ಮ ಕಟ್ಟಪ್ಪಣೆ ಮಾಡಿದ್ದಳು: ದೀಕ್ಷೆ ಆಗುವ ತನಕ ಹುಡುಗನ ಫೋಟೊ ತೆಗೆಸಕೂಡದು, ಆಯುಷ್ಯ ಕಡಿಮೆಯಾಗುತ್ತದೆ. ಶಾಲೆಗೆ ಫೋಟೊದವನು ಬಂದ ದಿನ ಬಸವ್ವ ಮಗನನ್ನು ಮನೆಯಲ್ಲೇ ಹಿಡಿದಿಟ್ಟುಕೊಂಡು ಶೇಂಗಾ ಹೋಳಿಗೆ ಮಾಡಿ ಕೊಟ್ಟಳು. ಅವನು ಮುಖ ಊದಿಸಿಕೊಂಡೇ ತಿಂದ. ಅವನ ಜೊತೆಯ ಹುಡುಗರೆಲ್ಲ ಸಾಲಾಗಿ ನಿಂತ ಆ ಫೋಟೊ ಪಕ್ಕದ ಮನೆಯ ಗೋಡೆಯ ಮೇಲೆ ಬಹಳ ಕಾಲ ಇತ್ತು. ಅವನೊಬ್ಬ ಇರಲಿಲ್ಲ.

ಸತ್ತಾಗಿನ ಮುಖ ಮಾತ್ರ ಇತ್ತು ಅವಳ ಬಳಿ, ಹಲ್ಲು ಕಚ್ಚಿದ ಮುಖ. ಕಣ್ಣು ಮುಚ್ಚಿದರೆ ಅದೇ ಬರುತ್ತಿತ್ತು. ಅದನ್ನು ಅಟ್ಟಲು ಅವಳು ಒಂದು ದಾರಿ ಕಂಡುಕೊಂಡಳು. ಬೆಳಿಗ್ಗೆ ಮೊದಲ ರೊಟ್ಟಿ ಬಡಿಯುತ್ತ ಅವನ ಒಳ್ಳೆಯ ಮುಖವನ್ನು ನೆತ್ತಿಯಿಂದ ಶುರುಮಾಡಿ ಒಂದೊಂದಾಗಿ ಕೂಡಿಸುವುದು. ನೆತ್ತಿಯ ಮೇಲೆ ಎರಡು ಸುಳಿ. ನಿನಗ ಎರಡು ಲಗ್ನ ಆಗ್ತಾವಲೇ ಎಂದು ಎಲ್ಲರೂ ಕಾಡಿಸುತ್ತಿದ್ದರು. ಆಮೇಲೆ ಹಣೆ. ಎಡ ಹುಬ್ಬಿನಲ್ಲಿ ಗಾಯದ ಗುರುತು. ಕಣ್ಣು. ಮೂಗು. ಮುರುಕು ಹಲ್ಲು. ಗಲ್ಲ. ರೊಟ್ಟಿ ಅಗಲವಾಗುತ್ತ ಹೋದ ಹಾಗೆ ಮುಖ ತುಂಬುತ್ತಿತ್ತು, ಹಂಚಿಗೆ ಹಾಕುವ ಹೊತ್ತಿಗೆ ಅವನು ಅವಳನ್ನು ನೋಡಿ ನಗುತ್ತಿದ್ದ. ಆಮೇಲೆ ದಿನದ ಕೆಲಸ. ಗಂಡ ಹೋದ ಬೆಳಿಗ್ಗೆ ಒಂದನ್ನು ಬಿಟ್ಟರೆ ಇದು ತಪ್ಪಿರಲಿಲ್ಲ.

ಮಾರ್ನಮಿ ಅಮಾಸಿಯ ದಿನ ಹಿರಿಯರ ಪೂಜೆಗೆ ಎಲ್ಲರ ಮನೆಯಲ್ಲೂ ಫೋಟೊ ಇಟ್ಟರೆ, ಅವಳು ಮಗನ ಜಾಗದಲ್ಲಿ ಎಂಟು ವರ್ಷದ ಅಳತೆಯ ಒಂದು ಹೊಸ ಅಂಗಿ ಇಡುತ್ತಿದ್ದಳು. ಪೂಜೆಯಾದ ಮೇಲೆ ಓಣಿಯ ಯಾವುದಾದರೂ ಹುಡುಗನಿಗೆ ತೊಡಿಸುವುದು. ಬರೀ ಅಂಗಿ ಯಾಕೆ, ಕ್ಯಾಲೆಂಡರಿನ ಬಾಲಕೃಷ್ಣನನ್ನಾದರೂ ಇಡು ಎಂದವರಿಗೆ, "ನನ್ನ ಮಗನ ಮಾರಿ ನನಗ ಗೊತ್ತೈತಿ, ಮಂದಿ ಮಾರಿ ಯಾಕ?" ಎಂದು ಬಾಯಿ ಮುಚ್ಚಿಸಿದ್ದಳು.

ಅಂಥ ಗಟ್ಟಿ ಹೆಂಗಸು ಆ ಚಿತ್ರದ ಮುಂದೆ ಮೆತ್ತಗಾದಳು. ನೀಲಾ ಬಂದು ತೋಳು ಹಿಡಿದಳು.

"ಏನಾತವ್ವಾ?"

"ನಿಮ್ಮಣ್ಣ," ಎಂದಳು ಬಸವ್ವ. "ಹಿಂಗ ಇದ್ದ ನೋಡು."

ಕುಳಿತ ರೀತಿಯನ್ನು ಹೇಳಿದ್ದೋ, ಅಂಗಾಲನ್ನೋ, ತುಟಿ ಕಚ್ಚಿದ್ದನ್ನೋ ಅವಳಿಗೇ ತಿಳಿಯದು. ಎದೆ ತುಂಬಿದಾಗ ಅಷ್ಟೆಲ್ಲ ಬಿಡಿಸಿ ಹೇಳುವವರು ಯಾರು? ನೀಲಾಳ ಕಣ್ಣು ಫಳಕ್ಕನೆ ತುಂಬಿತು. ಅಣ್ಣ ಹೋದಾಗ ಅವಳಿನ್ನೂ ನಾಲ್ಕರ ಕೂಸು. ಯಾರದೋ ಬೆನ್ನ ಮೇಲೆ ಕೂಸುಮರಿಯಾಗಿ ಹೋದ ನೆನಪು ಬಿಟ್ಟರೆ ಏನೂ ಉಳಿದಿರಲಿಲ್ಲ.

"ಮಾನ್ಯಾ, ಬಾ ಇಲ್ಲಿ. ಅಜ್ಜಿ ಹೇಳ್ತಾಳ, ನಿನ್ನ ಮಾಮಾ ಹಿಂಗ ಇದ್ದನಂತ."

"ರಿಯಲಿ? ಬಟ್ ಹೀ ಈಸ್ ವೈಟ್," ಎಂದಳು ಮಾನ್ಯಾ. ತಾಯಿಯ ಮುಖ ನೋಡಿ ಗಲಿಬಿಲಿಗೊಂಡು, "ಸಾರಿ ಅಜ್ಜಿ. ಮಾಮಾ ಚೆನ್ನಾಗಿದ್ದ," ಎಂದು ಸೇರಿಸಿದಳು. ಇದನ್ನೇ ಬರೆಯುತ್ತೇನೆಂದು ಫೋನಿನಲ್ಲಿ ಚಿತ್ರವನ್ನು ಹಿಡಿದುಕೊಂಡಳು.

ಎದುರಿಗಿದ್ದ ಬೆಂಚಿನ ಮೇಲೆ ಬಸವ್ವ ಕುಳಿತಳು. ಮಗಳೂ ಮೊಮ್ಮಗಳೂ ಉಳಿದದ್ದನ್ನೆಲ್ಲ ನೋಡಿ ಬರುವ ತನಕ ಏಳಲಿಲ್ಲ. ಉಪವಾಸ ಇದ್ದವರು ಉಣ್ಣುವ ಹಾಗೆ ಆ ಹುಡುಗನನ್ನು ನೋಡಿದಳು. ಅವಳು ಮಾಡಿದ ತಪ್ಪು ಅದೊಂದೇ.

ಮರುದಿನ ಬೆಳಿಗ್ಗೆ ಹಿಟ್ಟು ನಾದಿ, ಮೊದಲ ಉಂಡೆ ತಟ್ಟಲು ಶುರುಮಾಡಿದಳು. ಎರಡು ಸುಳಿ. ಹಣೆ. ಹುಬ್ಬು. ಕಣ್ಣಿಗೆ ಬಂದಾಗ ಕಂದು ಚುಕ್ಕೆಯ ಹುಡುಗ ತುಟಿ ಕಚ್ಚಿಕೊಂಡು ಅವಳನ್ನು ನೋಡಿದ. ರೊಟ್ಟಿ ಕೈಯಲ್ಲೇ ಹರಿಯಿತು. ಎಂದೂ ಹರಿಯದ ರೊಟ್ಟಿ. ಮುದ್ದೆ ಮಾಡಿ ಮತ್ತೆ ತಟ್ಟಿದಳು. ಮತ್ತೆ ಅವನೇ. ನಿದ್ದೆ ಸರಿಯಾಗಿಲ್ಲ ಎಂದುಕೊಂಡಳು. ಅದರ ಮರುದಿನವೂ ಅವನೇ ಬಂದ. ಹೊಸ ಬಣ್ಣ ಬಳಿದ ಗೋಡೆಯ ಹಾಗಿತ್ತು; ಕೆಳಗೆ ಹಳೆಯದು ಇದೆ ಎಂದು ಗೊತ್ತು, ಉಗುರಿನಿಂದ ಕೆರೆದರೆ ಹೊಸದೇ ಬರುತ್ತದೆ.

ಹಲ್ಲು ಕಚ್ಚಿದ ಮುಖವನ್ನು ಇದೇ ರೀತಿ ಅವಳೇ ಅಟ್ಟಿದ್ದಳಲ್ಲವೇ? ಈಗ ಅದೇ ಕೆಲಸವನ್ನು ಬೇರೆ ಯಾರೋ ಅವಳ ಮೇಲೆ ಮಾಡಿದ ಹಾಗಾಯಿತು.

ಅತ್ತು ಕೂರುವ ಜಾತಿಯಲ್ಲ ಬಸವ್ವ. ಹುಡುಕಲು ಹೊರಟಳು. ಬಚ್ಚಲ ಮನೆಯ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿಕೊಂಡಳು. ಹುಡುಗ ತಾಯಿಯನ್ನೇ ಹೋಲುತ್ತಾನೆ ಎನ್ನುತ್ತಿದ್ದರು. ಆದರೆ ಕನ್ನಡಿಯಲ್ಲಿ ಇದ್ದದ್ದು ಮುದುಕಿ. ಊಟಕ್ಕೆ ಕುಳಿತ ಮಗಳ ಮೂಗನ್ನು ದಿಟ್ಟಿಸಿದಳು. "ಯಾಕವ್ವಾ, ಏನಾರ ಹತ್ತೇತೇನು?" ಎಂದು ನೀಲಾ ಮುಖ ಒರೆಸಿಕೊಂಡಳು. ಕೊನೆಗೆ ಊರಿಗೆ ಫೋನ್ ಹಚ್ಚಿಸಿಕೊಂಡು ಪಕ್ಕದ ಮನೆಯ ಶಿವಬಸಮ್ಮನನ್ನು ಹಿಡಿದಳು. ಹಳೆಯ ಗೆಳತಿ, ಕರಬಸಪ್ಪನನ್ನು ಎತ್ತಿ ಆಡಿಸಿದವಳು.

"ಶಿವಬಸೂ, ನಮ್ಮ ಕರಬಸೂನ ಮಾರಿ ನೆನಪೈತೇನ ನಿನಗ?"

"ಇಲ್ಲದ ಏನು? ನನ್ನ ಕೈಯಾಗ ಬೆಳದ ಹುಡುಗ. ಕೆಂಪಗ, ದುಂಡಗ, ತುಂಬಿದ ಗಲ್ಲ... ಯಾಕ ಈಗ? ಅಲ್ಲಿ ಆರಾಮದಿ ಹೌದಿಲ್ಲೋ?"

"ಆರಾಮದೀನಿ," ಎಂದಳು ಬಸವ್ವ. ಅವಳ ಮಗ ಕಪ್ಪು, ಸಣಕಲ. ಅಷ್ಟು ಮಾತಿನಲ್ಲಿ ಗೊತ್ತು, ಕಣ್ಣಿಗೆ ಕಾಣದು. ಶಿವಬಸಮ್ಮನ ಹತ್ತಿರವೂ ಅವನು ಉಳಿದಿರಲಿಲ್ಲ. ಯಾವುದೋ ಬೇರೆ ಹುಡುಗ ಎಷ್ಟೋ ವರ್ಷದ ಹಿಂದೆಯೇ ಅಲ್ಲಿಗೆ ಬಂದು ಕುಳಿತುಬಿಟ್ಟಿದ್ದ.

ಆ ಚಿತ್ರ ಕಣ್ಣಿಗೆ ಬೀಳದಿದ್ದರೆ ಕ್ರಮೇಣ ಅಳಿಸೀತು ಎಂಬುದೊಂದೇ ಆಸೆ ಉಳಿಯಿತು. ಮಾನ್ಯಾ ತನ್ನ ಬರಹವನ್ನು ಓದಿ ಹೇಳುತ್ತೇನೆಂದು ಬಂದಾಗ, "ಓದು, ಫೋಟೊ ಮಾತ್ರ ತೋರಸಬ್ಯಾಡ ಮಗಳೇ, ಕಣ್ಣು ನೋಯತಾವು," ಎಂದಳು. ಹುಡುಗಿ ಫೋನ್ ಬೋರಲು ಹಾಕಿ ಓದಿದಳು. ಬೆಳಿಗ್ಗೆ ರೊಟ್ಟಿಯ ಹೊತ್ತಿನಲ್ಲಿ ಒಂದೆರಡು ಸಲ ಚುಕ್ಕೆಗಳು ಮಸುಕಾದಂತೆಯೂ ಇತ್ತು. ಒಂದು ದಿನ ಎಡ ಹುಬ್ಬಿನ ಗಾಯದ ಗುರುತು ಸ್ಪಷ್ಟವಾಗಿ ಬಂದು ನಿಂತಿತು. ಬಸವ್ವ ಆ ರೊಟ್ಟಿಯನ್ನು ಯಾರಿಗೂ ಕೊಡದೆ ತಾನೇ ತಿಂದಳು.

ಅಷ್ಟರಲ್ಲಿ ಅಮಾಸಿ ಬಂತು.

ಅಂಗಿ ಕೊಳ್ಳಲು ಮಾನ್ಯಾಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದಳು. ನೀಲಿ ಚೌಕಳಿಯ ಅಂಗಿ. ಅಮಾಸಿಯ ದಿನ ನೀಲಾ ರಜೆ ಹಾಕಿದಳು. ಬದನೆಕಾಯಿ ಎಣ್ಣೆಗಾಯಿ, ಕಡಬು, ಶೇಂಗಾ ಹೋಳಿಗೆ ಎಲ್ಲ ಆಯಿತು. ದೇವರ ಮುಂದೆ ಮಣೆ ಹಾಕಿ, ಗಂಡನ ಫೋಟೊ ಇಟ್ಟು, ಪಕ್ಕದಲ್ಲಿ ಅಂಗಿಯನ್ನು ಮಡಿಕೆ ಸರಿಮಾಡಿ ಇಡುತ್ತಿರುವಾಗ ಹಿಂದಿನಿಂದ ನೀಲಾ ಕರೆದಳು.

"ಅವ್ವಾ, ತಡಿ. ಇವತ್ತ ಬರೀ ಅಂಗಿ ಇಡೂದು ಬ್ಯಾಡ."

ಅವಳ ಕೈಯಲ್ಲಿ ಕಂದು ಕಾಗದ ಸುತ್ತಿದ ಒಂದು ಚೌಕಟ್ಟು. ಹಿಂದೆ ಸಿದ್ಧಲಿಂಗೇಶ್, ಮಾನ್ಯಾ, ಇಬ್ಬರ ಮುಖದಲ್ಲೂ ಗುಟ್ಟು ಹೊಟ್ಟೆಯಲ್ಲಿ ನಿಲ್ಲದವರ ನಗು. ಕಾಗದ ಬಿಚ್ಚಿದಳು. ಹುಲ್ಲಿನ ಬಯಲಿರಲಿಲ್ಲ, ಶಾಲೆ ಇರಲಿಲ್ಲ, ಓಡುವ ಹುಡುಗರೂ ಇರಲಿಲ್ಲ. ಆ ಒಬ್ಬನೇ, ಹುಲ್ಲು ಟೋಪಿಯಿಂದ ಎದೆಯವರೆಗೆ, ಬದುಕಿರುವ ಹುಡುಗನಷ್ಟೇ ದೊಡ್ಡದಾಗಿ. ಕಣ್ಣಿಗೆ ಕಣ್ಣು ಕೊಟ್ಟು.

"ಮ್ಯೂಸಿಯಮ್‌ನಿಂದ ಪ್ರಿಂಟ್ ತರಿಸಿದ್ವಿ," ಎಂದ ಅಳಿಯ. "ಹೆಂಗೈತ್ರಿ ಅತ್ತಿ ಫ್ರೇಮು?"

ಹುಬ್ಬಿನ ಗಾಯದ ಗುರುತು, ಅಷ್ಟು ಕಷ್ಟಪಟ್ಟು ಮರಳಿ ಬಂದದ್ದು, ಕಣ್ಣೆದುರೇ ನೀರಿಗೆ ಬಿದ್ದ ವಿಭೂತಿಯ ಹಾಗೆ ಕರಗಿತು. "ನೀಲಾ," ಎಂದಳು ಬಸವ್ವ, "ಇದನ್ನ ತಗೀಯವ್ವಾ. ಇವ ಅವನಲ್ಲ."

"ನೀನ ಹೇಳಿದೆಲ್ಲ ಅವ್ವಾ, ಹಿಂಗ ಇದ್ದ ಅಂತ."

"ಹೇಳಿದೆ. ಆದ್ರ ಇವ ಅಲ್ಲ. ಅವನ ಮಾರೀನ ಬ್ಯಾರೆ."

ನೀಲಾ ಚೌಕಟ್ಟನ್ನು ಎದೆಗೆ ಅವುಚಿಕೊಂಡು ಅಲ್ಲೇ ನೆಲದ ಮೇಲೆ ಕುಳಿತಳು. ನಲವತ್ತು ದಾಟಿದ ಹೆಂಗಸು, ಲ್ಯಾಬಿನಲ್ಲಿ ನಾಲ್ಕು ಜನರನ್ನು ಆಳುವವಳು, ಕೂಸಿನ ಹಾಗೆ ತಾಯಿಯನ್ನು ನೋಡಿದಳು. "ಹೆಂಗಿದ್ದ ಹಂಗಾರ? ಹೇಳು. ನೀನು ಒಂದಿನಾನೂ ಹೇಳಲಿಲ್ಲ. ವರ್ಷಾ ಒಂದ ಅಂಗಿ ಇಡತಿದ್ದಿ, ನಾನು ಆ ಅಂಗಿಗೆ ಕೈ ಮುಗೀತಿದ್ದೆ. ನನಗ ಅಣ್ಣ ಅಂದ್ರ ಒಂದು ಅಂಗಿ ಅವ್ವಾ, ಅಷ್ಟ. ಕಾಲೇಜಿನಾಗ ಎಲ್ಲಾರೂ ರಾಖಿ ಕಟ್ಟೂ ಮುಂದ ನಾನು ಆ ಅಂಗೀನ ನೆನಸ್ತಿದ್ದೆ. ಆ ದಿನಾ ಮ್ಯೂಸಿಯಮ್ಮಿನಾಗ ಮೊದಲನೇ ಸಲ ನನಗೊಬ್ಬ ಅಣ್ಣ ಇದ್ದ ಅನಸ್ತು. ಇವ ಅಲ್ಲಂದ್ರ ಅಲ್ಲ. ಅವ ಹೆಂಗಿದ್ದ, ಹೇಳು. ಮೂಗು ಹೆಂಗಿತ್ತು?"

ಬಸವ್ವ ಬಾಯಿ ತೆರೆದಳು. "ಅವನ ಮೂಗು..." ಎಂದಳು.

ಮೂಗಿಗಾಗಿ ಒಳಗೆ ಹೋದಳು. ದಿನಾ ಹೋಗುತ್ತಿದ್ದ ಮನೆ, ಕತ್ತಲಲ್ಲೂ ದಾರಿ ಗೊತ್ತಿದ್ದ ಮನೆ. ಅಲ್ಲಿ ಯಾರೂ ಇರಲಿಲ್ಲ. ತುಟಿ ಕಚ್ಚಿಕೊಂಡ ಆ ಬಿಳಿಯ ಹುಡುಗ ಮಾತ್ರ ಕುಳಿತಿದ್ದ. ಪಾಪ, ಅವನ ತಪ್ಪೂ ಏನಿರಲಿಲ್ಲ. ಅವನಿಗೂ ಒಬ್ಬಳು ತಾಯಿ ಇದ್ದಾಳು, ಮುಳ್ಳು ಚುಚ್ಚಿದ್ದನ್ನು ಅವಳಿಗೂ ಹೇಳದೆ ಕುಳಿತಿದ್ದಾನು.

ನೀಲಾ ಕಾಯುತ್ತಿದ್ದಳು. ಕೇಳುವ ಮಗಳು ಮುಂದಿದ್ದಳು, ಕೊಡಲು ತಾಯಿಯ ಕೈಯಲ್ಲಿ ಏನೂ ಇರಲಿಲ್ಲ. ಆ ಮುಖವನ್ನು ಇಷ್ಟು ವರ್ಷ ಒಬ್ಬಳೇ ಉಂಡಳು. ಒಂದು ದಿನ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ನೋಡು, ನಿಮ್ಮಣ್ಣನ ಮೂಗು ಹೀಗಿತ್ತು ಎಂದು ಬೆರಳಿನಿಂದ ಹಿಟ್ಟಿನ ಮೇಲೆ ಗೀರಿದ್ದರೂ ಸಾಕಿತ್ತು, ಇಬ್ಬರ ಹತ್ತಿರ ಇದ್ದಿದ್ದರೆ ಒಬ್ಬಳಾದರೂ ಉಳಿಸಿಕೊಳ್ಳುತ್ತಿದ್ದಳು. ಈಗ ಇದನ್ನೂ ಕಸಿದುಕೊಂಡರೆ ನೀಲಾಗೆ ಮತ್ತೆ ಅಂಗಿಯೇ ಗತಿ.

ಅವಳು ಕೈ ಚಾಚಿ ಚೌಕಟ್ಟನ್ನು ಇಸಿದುಕೊಂಡಳು. ಸೆರಗಿನಿಂದ ಗಾಜು ಒರೆಸಿದಳು.

"ಹಿಂಗ ಇತ್ತು," ಎಂದಳು. "ಈ ಮೂಗಿನಂಗ ಇತ್ತು. ಬಣ್ಣ ನೋಡಿ ಗಾಬರಿ ಆತು ನನಗ. ನಮ್ಮವ ಕರಿಯ ಇದ್ದ, ಅಷ್ಟ ಫರಕು."

"ಖರೇನ?"

"ಖರೇನವ್ವಾ. ನಿನ್ನ ಬೆನ್ನ ಮ್ಯಾಲೆ ಹೊತ್ಕೊಂಡು ಓಣಿ ತುಂಬ ತಿರಗತಿದ್ದ. ಹೂವು ತಾ ಮಾನ್ಯಾ."

ಚೌಕಟ್ಟನ್ನು ಗಂಡನ ಫೋಟೊದ ಪಕ್ಕಕ್ಕೆ ಒರಗಿಸಿ, ಮುಂದೆ ಅಂಗಿ ಇಟ್ಟಳು. ಹಣೆಗೆ ವಿಭೂತಿ ಹಚ್ಚಿದಳು. ಗಾಜು ತಣ್ಣಗಿತ್ತು. ನೀಲಾ ಹೂ ಏರಿಸಿ ಬಹಳ ಹೊತ್ತು ಕೈ ಮುಗಿದಳು. ಅಳಿಯನೂ ತಲೆಬಾಗಿದ. ಮಾನ್ಯಾ ಒಂದು ಹೋಳಿಗೆಯನ್ನು ಮುರಿದು ದೊಡ್ಡ ತುಂಡನ್ನೇ ಆರಿಸಿ ಇಟ್ಟಳು. "ಮಾಮಾಗೆ," ಎಂದಳು.

ಪೂಜೆಯಾದ ಮೇಲೆ ಚೌಕಟ್ಟನ್ನು ಊಟದ ಮನೆಯ ಗೋಡೆಗೆ ತೂಗುಹಾಕಿದರು. ಬಸವ್ವ ಬೇಡವೆನ್ನಲಿಲ್ಲ. ಅಂಗಿಯನ್ನು ಎದುರು ಮನೆಯ ಹುಡುಗನಿಗೆ ಕೊಟ್ಟರು; ಅವನು ಅದನ್ನು ತೊಟ್ಟು ಸೈಕಲ್ ಹೊಡೆಯುವುದು ಕಿಟಕಿಯಿಂದ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಫ್ಯಾನ್ ಹಾಕಿ, ಕಿಟಕಿ ತೆಗೆದು, ಹಿಟ್ಟು ನಾದಿದಳು. ತಟ್ಟುವ ಕೈ ಒಂದು ಗಳಿಗೆ ತಡೆಯಿತು. ಬೆನ್ನ ಹಿಂದೆ ಗೋಡೆಯ ಮೇಲೆ ಆ ಹುಡುಗನಿದ್ದ. ಹಣೆ, ಹುಬ್ಬು, ಕಣ್ಣು, ಮೂಗು, ಎಲ್ಲ ಅವನಿಗೆ ಸೇರಿಹೋಗಿದ್ದವು. ಆದರೆ ಚಿತ್ರ ಬರೆದವನು ಅವನ ತಲೆಗೆ ಟೋಪಿ ಹಾಕಿದ್ದ. ಟೋಪಿಯ ಕೆಳಗೆ ಏನಿತ್ತೋ ಯಾರೂ ಕಂಡಿರಲಿಲ್ಲ.

ಬಸವ್ವ ತಟ್ಟತೊಡಗಿದಳು. ಎಣ್ಣೆ ಹಚ್ಚಲು ತೊಡೆಯ ನಡುವೆ ಕೂರಿಸಿಕೊಂಡಾಗ ಮೇಲಿನಿಂದ ಕಾಣುತ್ತಿದ್ದ ಆ ಕರಿಯ ನೆತ್ತಿ. ಎರಡು ಸುಳಿ. ಒಂದು ಬಲಕ್ಕೆ ತಿರುಗಿದ್ದು, ಇನ್ನೊಂದು ಎಡಕ್ಕೆ. ಅಷ್ಟು ಇತ್ತು. ರೊಟ್ಟಿ ಅಗಲವಾಗುತ್ತ ಹೋಯಿತು, ಅವಳು ನೆತ್ತಿಯಿಂದ ಕೆಳಗೆ ಇಳಿಯಲಿಲ್ಲ.